ತಾರಸಿಗೆ ತಲುಪದ ತಂಪು

ರಾಯಚೂರಿನಲ್ಲಿ ಹಗಲಿಡೀ ಬೀಗ ಹಾಕಿದ್ದ ತಮ್ಮ ಮನೆಗೆ ಸಂಜೆ ಟೀಚರ್ ಬಂಡೆಮ್ಮ ಗಂಡನೊಂದಿಗೆ ಬಂದವರೇ ಹೊಸ ಏಸಿಯನ್ನು ಹದಿನಾರು ಡಿಗ್ರಿಗೆ ಇಟ್ಟು ಕೂತರು.

"ಅರ್ಧ ಗಂಟೆಯಲ್ಲಿ ತಂಪು ಮಾಡಿಬಿಡುತ್ತೇನೆ," ಎಂದಿತು ಏಸಿ.

"ಅಷ್ಟರಲ್ಲಿ ಗಾಳಿ ಮಾತ್ರ ತಣಿದೀತು," ಎಂದಿತು ತಾರಸಿ. "ಬೆಳಗಿನಿಂದ ಬಿಸಿಲು ಕುಡಿದ ನಾನಿದ್ದೇನೆ, ಗೋಡೆಗಳಿವೆ, ಕಬ್ಬಿಣದ ಮಂಚವಿದೆ. ನಮ್ಮ ಕಾವು ಇಳಿಯಲು ಮೂರು ಗಂಟೆ ಬೇಕು."

"ಹಾಗಾದರೆ ಮೂರು ಗಂಟೆ ದುಡಿಯುತ್ತೇನೆ."

ಏಸಿ ಬಿಡುವಿಲ್ಲದೆ ದುಡಿಯಿತು. ಮೊದಲು ಗಾಳಿ ತಣಿಯಿತು, ಆಮೇಲೆ ಮಂಚ. ಇನ್ನೇನು ಗೋಡೆಯ ಕಾವು ಇಳಿಯತೊಡಗಬೇಕು, ಅಷ್ಟರಲ್ಲಿ ಬಂಡೆಮ್ಮ ತಾರಸಿಯಿಂದ ಇಳಿಯುವ ಕಾವಿಗೆ ಬೆವರು ಒರೆಸಿಕೊಳ್ಳುತ್ತ ಗಂಡನಿಗೆ ಹೇಳಿದರು: "ಒಂದು ತಾಸಾತು, ಇನ್ನೂ ಕುದಿ ಹೋಗವಲ್ದು. ಇದೂ ಕೆಟ್ಟೈತ್ರಿ. ಬಂದ್ ಮಾಡಿ ಕಿಟಕಿ ತೆಗೀರಿ."

ಕಿಟಕಿ ತೆರೆದದ್ದೇ ತಡ, ಬಿಸಿಗಾಳಿ ಒಳಗೆ ನುಗ್ಗಿತು. ದುಡಿದದ್ದೆಲ್ಲ ನೀರುಪಾಲಾಯಿತು.

"ನಾನು ಕೆಟ್ಟಿಲ್ಲವೆಂದು ನೀನಾದರೂ ಅವರಿಗೆ ಹೇಳು," ಎಂದು ಏಸಿ ಬೇಡಿಕೊಂಡಿತು.

"ನಿನ್ನ ಜಾಗದಲ್ಲಿ ಮೊದಲಿದ್ದ ಏಸಿಯೂ ದಿನಾ ಹೀಗೇ ಬೇಡುತ್ತಿತ್ತು," ಎಂದಿತು ತಾರಸಿ. "ಗುಜರಿಯವನು ಹೊತ್ತೊಯ್ದ ದಿನವೂ ಅದು ಚೆನ್ನಾಗಿಯೇ ಇತ್ತು."