ಮೊಲದ ಮೂರು ಪಾಲು

ಆಡುವ ಬಾಯಿ ಸ್ವಾಮಿಯದು, ಕೇಳುವ ಕಿವಿ ಸ್ವಾಮಿಯದು. ತಪ್ಪಿದ್ದರೆ ಅದು ಮಾತ್ರ ನನ್ನದು. ಹೇಳುತ್ತೇನೆ, ಕೇಳಿ.

ಏಳು ಗುಡ್ಡದ ಆಚೆ, ಏಳು ಹಳ್ಳದ ಈಚೆ ಒಂದು ಬೇಡರ ಹಟ್ಟಿ ಇತ್ತಂತೆ. ಅಲ್ಲಿ ಅಣ್ಣ ದೊಡ್ಡೋಬ, ತಮ್ಮ ಸಣ್ಣೋಬ. ಇಬ್ಬರಿಗೂ ಸೇರಿ ಅಪ್ಪ ಬಿಟ್ಟುಹೋದದ್ದು ಒಂದೇ ಚೂರಿ. ಜಿಂಕೆ ಕೊಂಬಿನ ಹಿಡಿ, ಹಿಡಿಯ ಮೇಲೆ ಮೂರು ಗೀರು. ಬೇಟೆ ಬಿದ್ದರೆ ಅಣ್ಣ ಕುಯ್ಯುವುದು, ತಮ್ಮ ಬೇಯಿಸುವುದು.

ಒಂದು ದಿನ ಕಾಡಿಗೆ ಹೋದ ಅಣ್ಣ ಪೊದೆಯ ಮಗ್ಗುಲಲ್ಲಿ ಹೆಣವಾಗಿ ಸಿಕ್ಕನಂತೆ. ಎದೆಯಲ್ಲಿ ಯಾರದೋ ಬಾಣ. ಸೊಂಟದಲ್ಲಿ ಚೂರಿ ಇಲ್ಲ. ಅವನ ಹೆಂಡತಿ ಬೊಮ್ಮವ್ವ ಅಳಲಿಲ್ಲ. ಒಂದು ಚಿಟಿಕೆ ಉಪ್ಪು ತಂದು ಮೈದುನನ ಹೆಗಲ ಮೇಲಿನ ವಲ್ಲಿಯ ತುದಿಗೆ ಗಂಟು ಹಾಕಿದಳು.

"ಚೂರಿ ಯಾರ ಹತ್ತಿರ ಇದೆಯೋ ಅವನೇ ಕೊಂದವನು. ಅವನ ರಕ್ತದ ಮೇಲೆ ಈ ಉಪ್ಪು ಬೀಳಬೇಕು. ಅಲ್ಲೀತನಕ ಈ ಮನೆಯಲ್ಲಿ ಯಾರೂ ಉಪ್ಪು ಮುಟ್ಟೋ ಹಾಗಿಲ್ಲ. ಗುಡ್ಡದ ರಂಗಪ್ಪನಾಣೆ ಅನ್ನು."

"ರಂಗಪ್ಪನಾಣೆ," ಅಂದನಂತೆ ಸಣ್ಣೋಬ.

ಒಂದು ವರ್ಷ ಸಪ್ಪೆ ಅಂಬಲಿ ಕುಡಿದರು, ಎರಡು ವರ್ಷ ಕುಡಿದರು, ಮೂರು ವರ್ಷ ಕುಡಿದರು. ಬಡಿಸುವಾಗಲೆಲ್ಲ ಅತ್ತಿಗೆ, "ರುಚಿಯಾಗಿದೆಯೇನಪ್ಪ, ಮೈದುನ?" ಅನ್ನುವಳು. ಅವನು ತಲೆ ಎತ್ತುತ್ತಿರಲಿಲ್ಲ.

ಮೂರನೇ ವರ್ಷದ ಒಂದು ಮಧ್ಯಾಹ್ನ ಕಾಡಿನಲ್ಲಿ ಅವನಿಗೆ ಮೊಲ ಸಿಕ್ಕಿತಂತೆ. ಮಡಕೆಯಿಲ್ಲ, ಚೂರಿಯಿಲ್ಲ. ಬೆಣಚುಕಲ್ಲಿನ ಚಕ್ಕೆಯಿಂದ ಹೊಟ್ಟೆ ಸೀಳಿದ. ಅಣ್ಣ ಹೋದಂದಿನಿಂದ ಕಲ್ಲಲ್ಲೇ ಕುಯ್ದು ಅವನ ಬೆರಳ ತುಂಬ ಗಾಯದ ಗೆರೆ. ಕರುಳು ತೆಗೆದು, ಒಳಗೆ ಹುಣಸೆ ಚಿಗುರು ತುಂಬಿದ. ತೊಗಲು ಸುಲಿಯಲಿಲ್ಲ. ಹಳ್ಳದ ಜೇಡಿಮಣ್ಣು ಕಲಸಿ ಮೈತುಂಬ ಮೆತ್ತಿ ಕೆಂಡದಲ್ಲಿ ಹೂತಿಟ್ಟ. ಮಣ್ಣು ಬಿರಿದರೆ ಮೊಲ ಬೆಂದ ಹಾಗೆ. ಆಗ ಮಣ್ಣಿನ ಜೊತೆಗೆ ಕೂದಲು, ತೊಗಲು ತಾವಾಗಿ ಬಿಟ್ಟುಬರುತ್ತವೆ. ಪಾತ್ರೆ ಇಲ್ಲದವನಿಗೂ ಸ್ವಾಮಿ ಒಂದು ದಾರಿ ಇಟ್ಟಿದ್ದಾನೆ, ನೋಡಿ.

ಆಮೇಲೆ ಮುತ್ತುಗದ ಮೂರು ಎಲೆ ಹಾಸಿದ. ಒಂದು ರಂಗಪ್ಪನಿಗೆ, ಒಂದು ತನಗೆ, ಒಂದು ದಾರಿಯಲ್ಲಿ ಬರುವವನಿಗೆ. ಆ ಕಾಡಿನ ಪದ್ಧತಿ ಅದು. ಬಂದವನ ಪಾಲಿಗೆ ಉಪ್ಪು ತಪ್ಪಬಾರದು. ಉಪ್ಪು ಹಾಕಿ ಬಡಿಸಿದ ಮೇಲೆ ಅವನ ಮೇಲೆ ಕೈ ಎತ್ತಬಾರದು. ಮೂರು ವರ್ಷದಿಂದ ಸಣ್ಣೋಬನ ಬೆಂಕಿಗೆ ಯಾರೂ ಬಂದಿರಲಿಲ್ಲ.

ಅವತ್ತು ಒಬ್ಬ ಬಂದ. ಕೆದರಿದ ತಲೆ, ಬಿರಿದ ಹಿಮ್ಮಡಿ.

"ಯಾರದಪ್ಪ ಈ ಬೆಂಕಿ?"

"ಬಂದವರದು. ಕೂತ್ಕೋ."

"ನಾನು ಕಾಟಯ್ಯ. ಅನ್ನ ಕಂಡು ಮೂರು ದಿನ ಆಯ್ತು. ಏನಿದು ಮಣ್ಣಿನ ಮುದ್ದೆ? ಅಡುಗೆ ಮಾಡ್ತಿದ್ದೀಯೋ, ಮಡಕೆ ಸುಡ್ತಿದ್ದೀಯೋ?"

"ಎರಡೂನು. ಮಡಕೆ ಒಡೆದು ಎಸೆಯೋದು, ಒಳಗಿರೋದನ್ನ ತಿನ್ನೋದು."

ಇಬ್ಬರೂ ನಕ್ಕರಂತೆ. ಅಷ್ಟರಲ್ಲಿ ಮಣ್ಣು ಬಿರಿಯಿತು. ಸಣ್ಣೋಬ ಒಡೆದ. ಬಿಳಿ ಮಾಂಸದಿಂದ ಹುಣಸೆ ಚಿಗುರಿನ ಹಬೆ ಎದ್ದಿತು. ಪಾಲು ಮಾಡಲು ಅವನು ಕಲ್ಲಿನ ಚಕ್ಕೆ ಎತ್ತಿಕೊಂಡಾಗ ಕಾಟಯ್ಯ, "ಛೆ, ಕಲ್ಲು ಯಾಕಪ್ಪ? ಇದನ್ನ ತಗೋ," ಅಂತ ಸೊಂಟದಿಂದ ಚೂರಿ ತೆಗೆದು ಕೊಟ್ಟ.

ಜಿಂಕೆ ಕೊಂಬಿನ ಹಿಡಿ. ಹಿಡಿಯ ಮೇಲೆ ಮೂರು ಗೀರು.

"ಎಲ್ಲಿ ಸಿಕ್ಕಿತು ಇದು?" ಅಂದ ಸಣ್ಣೋಬ.

"ನನ್ನದಲ್ಲಪ್ಪ. ಮೂರು ವರ್ಷದ ಕೆಳಗೆ ಪೊದೆ ಅಲ್ಲಾಡಿತು, ಹಂದಿ ಅಂತ ಬಾಣ ಬಿಟ್ಟೆ. ಮನುಷ್ಯ ಇದ್ದ. ಪ್ರಾಣ ಹೋಗೋ ಮುಂಚೆ ಈ ಚೂರಿ ನನ್ನ ಕೈಗಿಟ್ಟು, 'ನಮ್ಮ ಹಟ್ಟೀಲಿ ತಮ್ಮ ಇದ್ದಾನೆ, ಅವನಿಗೆ ಮುಟ್ಟಿಸು. ಇಲ್ದಿದ್ರೆ ಕಲ್ಲಲ್ಲಿ ಕುಯ್ದು ಬೆರಳು ಕೊಯ್ಕೋತಾನೆ' ಅಂದ. ಹೆದರಿ ಓಡಿಹೋದೆ. ಓಡಿದ ಕಡೆಯೆಲ್ಲ ಆ ಮಾತು ಬೆನ್ನಟ್ಟಿ ಬಂತು. ಈಗ ಆ ಹಟ್ಟಿಗೇ ಹೊರಟಿದ್ದೀನಿ, ಕೊಂದರೆ ಕೊಲ್ಲಲಿ. ಹಸಿದು ಸಾಯೋದು ಬೇಡ, ಒಂದು ತುತ್ತು ಹಾಕು. ಉಪ್ಪಿದ್ದರೆ ಒಂಚೂರು ಉದುರಿಸು."

ಒಂದು ಕೈಯಲ್ಲಿ ಚೂರಿ. ಇನ್ನೊಂದು ಕೈಯಲ್ಲಿ ಉಪ್ಪಿನ ಗಂಟು. ಸಣ್ಣೋಬ ತನ್ನ ಬೆರಳು ನೋಡಿಕೊಂಡ. ಎದೆಯಲ್ಲಿ ಬಾಣ ನೆಟ್ಟುಕೊಂಡು ಅಣ್ಣ ನೆನೆದದ್ದು ಹಗೆಯನ್ನಲ್ಲ, ಈ ಬೆರಳುಗಳನ್ನು.

ಅವನು ರಂಗಪ್ಪನ ಎಲೆಯ ಕಡೆ ತಿರುಗಿ ಕಣ್ಣು ಮುಚ್ಚಿದನಂತೆ. "ಸ್ವಾಮಿ, ಇವನನ್ನ ಇಲ್ಲಿಗೆ ಕಳಿಸಿದವನು ನೀನೇ. ಆಣೆ ತಪ್ಪಿದ ಪಾಪ ನನಗಿರಲಿ. ಈ ತುತ್ತು ಇವನಿಗಿರಲಿ."

ಚೂರಿಯಿಂದ ಮೊಲವನ್ನು ಮೂರು ಪಾಲು ಮಾಡಿದ. ವಲ್ಲಿಯ ಗಂಟು ಬಿಚ್ಚಿದ. ಮೂರು ವರ್ಷದ ಬೆವರಿಗೆ ಉಪ್ಪು ಕಲ್ಲಾಗಿತ್ತು. ಉಗುರಿಂದ ಕೆರೆದು ಕಾಟಯ್ಯನ ಪಾಲಿನ ಮೇಲೆ ಉದುರಿಸಿದ.

ಎಲೆ ಚಾಚಿದ ಆ ಕೈ ನೋಡಿದ ಕಾಟಯ್ಯ, ಬೆರಳ ಗೆರೆಗಳನ್ನು ನೋಡಿದ. ಅವನ ತುತ್ತು ಅರ್ಧಕ್ಕೆ ನಿಂತಿತು.

"ನೀನೇನಪ್ಪ ಆ ತಮ್ಮ?"

"ಉಣ್ಣು, ಆರಿಹೋಗುತ್ತೆ," ಅಂದ ಸಣ್ಣೋಬ.

ಸಂಜೆಗೆ ಇಬ್ಬರೂ ಹಟ್ಟಿಗೆ ಬಂದರು. ಬೊಮ್ಮವ್ವ ಚೂರಿ ನೋಡಿದಳು, ಬರಿದಾದ ವಲ್ಲಿಯ ತುದಿ ನೋಡಿದಳು. "ಉಪ್ಪೆಲ್ಲಿ?" ಅಂದಳು.

"ಬಂದವನಿಗೆ ಬಡಿಸಿದೆ, ಅತ್ತಿಗೆ." ಅಣ್ಣನ ಕೊನೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿದ.

ಮೂರು ವರ್ಷ ಅಳದವಳು ಅವತ್ತು ಅತ್ತಳಂತೆ. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಕಾಟಯ್ಯನಿಗೆ ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಪಕ್ಕದ ಮನೆಯಿಂದ ಉಪ್ಪು ಈಸಿಕೊಂಡು ಬಂದು ಕುದಿಯುವ ಅಂಬಲಿಗೆ ಹಾಕಿದಳು. ಮೂರು ಬಟ್ಟಲು ಇಟ್ಟಳು.

ಆ ಕೆಂಡ ಆ ಕಾಡಿನಲ್ಲಿ ಆರಿತು, ಈ ಕಥೆ ನನ್ನ ಬಾಯಲ್ಲಿ ಆರಿತು. ಕೇಳಿದವರ ಒಲೆ ಆರದಿರಲಿ, ಬಂದವರ ಪಾಲಿಗೆ ಉಪ್ಪು ತಪ್ಪದಿರಲಿ.