ಹೊಳೆಯ ಕಡೆಗಿನ ಹೆಜ್ಜೆಗಳು

ಒಂದು ಕಾಡಿನ ನಡುವೆ ಹೊಳೆಯೊಂದು ಹರಿಯುತ್ತಿತ್ತು. ಮೊದಲು ಎಲ್ಲ ಪ್ರಾಣಿಗಳೂ ಅಲ್ಲೇ ನೀರು ಕುಡಿಯುತ್ತಿದ್ದವು. ದೊಡ್ಡ ಜಗಳವೊಂದರ ನಂತರ ಅದೇ ಹೊಳೆ ಗಡಿಯಾಯಿತು. ಪಡುವಣ ದಡಕ್ಕೆ ಚಿರತೆ ದೊರೆಯಾಯಿತು. ನರಿ ಅದರ ಮಂತ್ರಿ, ಸೀಳುನಾಯಿಗಳು ಗಡಿಯ ಕಾವಲುಗಾರರು. ದೊರೆಗೆ ಯಾರೂ ಬೆನ್ನು ತೋರಿಸಬಾರದು, ನಮಸ್ಕರಿಸಿ ಹಿಂದೆ ಹಿಂದೆಯೇ ಸರಿಯಬೇಕು ಎಂದು ನರಿ ಕಟ್ಟಳೆ ಮಾಡಿತು. ಮರೆತು ತಿರುಗಿದ ಮೊಲವೊಂದು ಕಿವಿ ಕಳೆದುಕೊಂಡಿತ್ತು.

ಆ ದಡದಲ್ಲಿ ಕೆಂಚಜ್ಜಿ ಎಂಬ ಮುದಿ ಕಡವೆ ಇದ್ದಳು. ಅವಳ ಮಗಳು ಆಚೆ ದಡದಲ್ಲೇ ಉಳಿದುಬಿಟ್ಟಿದ್ದಳು. ಮಗಳಿಗೆ ಮರಿ ಹುಟ್ಟಿದೆ ಎಂದು ಮೈನಾಗಳು ಸುದ್ದಿ ತಂದಿದ್ದವು. ಅಜ್ಜಿ ಇನ್ನೂ ಅದರ ಮುಖ ಕಂಡಿರಲಿಲ್ಲ.

ಈ ಜಗಳದಿಂದ ನೆರೆಕಾಡುಗಳಿಗೂ ನೆಮ್ಮದಿ ಇರಲಿಲ್ಲ. ಅಲ್ಲಿನ ಆನೆಗಳು ಕೊಕ್ಕರೆಗಳನ್ನು ಕಳುಹಿಸಿದವು. ಹಿರಿಯ ಕೊಕ್ಕರೆ ಹೇಳಿತು, "ಕಾಡು ಒಂದಾಗಬೇಕೋ ಬೇಡವೋ, ಪ್ರಜೆಗಳೇ ತೀರ್ಮಾನಿಸಲಿ. ಎಲ್ಲರೂ ದಡದ ಒದ್ದೆ ಮರಳಿನ ಮೇಲೆ ನಡೆಯಲಿ. ಹೆಜ್ಜೆಯ ತುದಿ ಹೊಳೆಯ ಕಡೆಗಿದ್ದರೆ ಒಂದಾಗಲಿ ಎಂದು. ಗುಡ್ಡದ ಕಡೆಗಿದ್ದರೆ ಬೇಡ ಎಂದು. ಮೂಡಣ ದಡದವರು ಒಪ್ಪಿದ್ದಾರೆ."

ನರಿ ಸಿಡಿಯಿತು. "ನಮ್ಮ ಮನೆಯ ವಿಷಯಕ್ಕೆ ಹೊರಗಿನವರು ಯಾಕೆ? ಇದು ನಮ್ಮ ದೊರೆಗೆ ಅವಮಾನ!"

"ಹಾಗಾದರೆ ಆನೆಗಳೇ ಬಂದು ಕೇಳುತ್ತವೆ," ಎಂದಿತು ಕೊಕ್ಕರೆ.

ನರಿ ತಕ್ಷಣ ದನಿ ತಗ್ಗಿಸಿತು. ಎಳೆದಾಡಿ ಎಳೆದಾಡಿ ಕೊನೆಗೆ ಒಪ್ಪಂದವಾಯಿತು. ಪ್ರಾಣಿಗಳು ನಡೆಯುವಾಗ ಕೊಕ್ಕರೆಗಳು ದೂರದ ಬೆಟ್ಟದ ಆಚೆ ಇರಬೇಕು. ಆಮೇಲೆ ಬಂದು ಹೆಜ್ಜೆಗಳನ್ನಷ್ಟೇ ನೋಡಬೇಕು, ಯಾರ ಬಾಯಿಮಾತನ್ನೂ ಕೇಳಬಾರದು. ಇದು ನರಿಯ ಷರತ್ತು. ಚಿರತೆಯಾಗಲಿ ನರಿಯಾಗಲಿ ಆ ಹೊತ್ತಿನಲ್ಲಿ ದಡದ ಹತ್ತಿರ ಸುಳಿಯಬಾರದು. ಇದು ಕೊಕ್ಕರೆಯ ಷರತ್ತು.

ಕೊಕ್ಕರೆಗಳು ಹಾರಿಹೋದದ್ದೇ ತಡ, ಚಿರತೆ ಹೊಳೆಯಂಚಿನ ಬಂಡೆಯ ಮೇಲೆ ಬಂದು ಕುಳಿತಿತು. ನರಿ ಎಲ್ಲರನ್ನೂ ಅದರ ಮುಂದೆ ಸೇರಿಸಿತು.

"ದೊರೆಗೆ ನಮಸ್ಕರಿಸಿ, ಗುಡ್ಡಕ್ಕೆ ನಡೆಯಿರಿ. ಹೊಳೆಯ ಕಡೆ ಕಾಲಿಟ್ಟವರಿಗೆ ಅದೇ ಕೊನೆಯ ಹೆಜ್ಜೆ!"

"ಮುಗೀತಲ್ಲ ಅಜ್ಜಿ ನಮ್ಮ ಕಥೆ," ಎಂದು ಕಾಡುಹಂದಿ ಗೊಣಗಿತು.

ಕೆಂಚಜ್ಜಿ ಮರಳನ್ನು ನೋಡಿದಳು. ಬಂಡೆಯ ಮೇಲಿನ ಚಿರತೆಯನ್ನು ನೋಡಿದಳು. "ಇನ್ನೂ ಮುಗಿದಿಲ್ಲ ಕಣೋ. ನನ್ನ ಕಾಲು ನೋಡ್ತಾ ಬಾ," ಎಂದು ಮುಂದೆ ಬಂದಳು. ದೊರೆಗೆ ತಲೆಬಾಗಿದಳು. ಆಮೇಲೆ ಮುಖ ತಿರುಗಿಸದೆ, ಹಿಂದೆ ಹಿಂದೆಯೇ ಗುಡ್ಡದತ್ತ ಸರಿಯತೊಡಗಿದಳು.

"ಏ ಮುದುಕಿ, ತಿರುಗಿ ನಡಿ!" ಎಂದು ನರಿ ಗದರಿತು.

"ತಿರುಗೋದೇ? ದೊರೆಗಳಿಗೆ ಬೆನ್ನು ತೋರಿಸೋದೇ? ಮೊಲದ ಕಿವಿ ಹೋದದ್ದು ಮರೆತಿರಾ ಮಂತ್ರಿಗಳೇ?"

ಚಿರತೆ ಹಿಗ್ಗಿ ಮೀಸೆ ಕುಣಿಸಿತು. "ಬಿಡು ಮಂತ್ರಿ. ಇವಳಿಗೆ ಮರ್ಯಾದೆ ಗೊತ್ತಿದೆ. ಎಲ್ಲರೂ ಹಾಗೇ ನಡೆಯಲಿ."

ಹಂದಿಗೆ ಈಗ ಅರ್ಥವಾಯಿತು. ನಗು ಬಚ್ಚಿಟ್ಟುಕೊಂಡು ಅದೂ ಹಿಂದಕ್ಕೆ ಸರಿಯಿತು. ಜಿಂಕೆಗಳು, ಮುಳ್ಳುಹಂದಿಗಳು, ಒಂಟಿಕಿವಿಯ ಮೊಲ, ಎಲ್ಲರೂ ಹಾಗೆಯೇ ಹೋದರು. ಯಾರ ಮುಖದಲ್ಲಿ ಸೊಕ್ಕು ಕಾಣುತ್ತದೆ ಎಂದು ನರಿ ಹುಡುಕುತ್ತಲೇ ಇತ್ತು. ಮರಳಿನ ಕಡೆ ಅದರ ಕಣ್ಣು ಹೋಗಲೇ ಇಲ್ಲ.

ಚಿರತೆಯೂ ನರಿಯೂ ತಮ್ಮ ಹೆಜ್ಜೆ ಮೂಡದಂತೆ ಬಂಡೆಯಿಂದ ಬಂಡೆಗೆ ಹಾರಿ ಮರೆಗೆ ಸರಿದ ಮೇಲೆ ಕೊಕ್ಕರೆಗಳು ಬಂದವು. ಮರಳಿನುದ್ದಕ್ಕೂ ನಡೆದು ನೋಡಿದವು. ಹಿರಿಯ ಕೊಕ್ಕರೆ ಎಲ್ಲರನ್ನೂ ಕರೆದು ಸಾರಿತು, "ಒಂದು ಹೆಜ್ಜೆಯೂ ಬಿಡದಂತೆ ಎಲ್ಲವೂ ಹೊಳೆಯ ಕಡೆಗಿವೆ. ಕಾಡು ಒಂದಾಗಲಿ!"

"ಮೋಸ! ಅವರೆಲ್ಲ ಹಿಂದೆ ಹಿಂದೆ ನಡೆದರು!" ಎಂದು ನರಿ ಕಿರುಚಿತು.

"ನಿನಗೆ ಹೇಗೆ ಗೊತ್ತು?"

"ನಾನೇ ನೋಡಿದೆ! ದೊರೆಗಳ ಪಕ್ಕದಲ್ಲೇ ನಿಂತು..." ನರಿ ಗಕ್ಕನೆ ಬಾಯಿ ಮುಚ್ಚಿಕೊಂಡಿತು.

"ಓಹೋ, ದೊರೆಗಳೂ ಇಲ್ಲೇ ಇದ್ದರೋ?" ಎಂದಿತು ಕೊಕ್ಕರೆ. "ಆನೆಗಳಿಗೆ ಅದನ್ನೂ ತಿಳಿಸುತ್ತೇವೆ. ಬಾಯಿಮಾತು ಬೇಡ, ಹೆಜ್ಜೆಗಳೇ ಸಾಕು ಎಂದವನು ನೀನೇ ಅಲ್ಲವೇ?"

ಆನೆಗಳ ಹೆಸರು ಕೇಳಿ ಸೀಳುನಾಯಿಗಳು ಗಡಿ ಬಿಟ್ಟು ಓಡಿದವು. ಚಿರತೆ ಸಿಟ್ಟಿನಿಂದ ನರಿಯನ್ನು ಗುಡ್ಡದ ಆಚೆಯವರೆಗೂ ಅಟ್ಟಲು ಹೊರಟಿತು. ಅಷ್ಟರಲ್ಲಿ ಕೆಂಚಜ್ಜಿ ಅದರ ಮುಂದೆಯೇ ಹಾದುಬಂದಳು. ತಲೆಬಾಗಲಿಲ್ಲ. ದೊರೆಗೆ ನೇರವಾಗಿ ಬೆನ್ನು ತೋರಿಸಿ ಹೊಳೆಗಿಳಿದಳು. ಆಚೆ ದಡದಲ್ಲಿ ಪುಟ್ಟ ಮರಿಯೊಂದು ಕಿವಿ ನಿಮಿರಿಸಿ ಅವಳನ್ನೇ ನೋಡುತ್ತಿತ್ತು.

ನೀತಿ: ಪ್ರಜೆಗಳನ್ನು ಹೆದರಿಸಿ ಒಪ್ಪಿಗೆ ಪಡೆಯಲು ಹೊರಟವನು ತಾನು ಮಾಡಿದ ಕಟ್ಟಳೆಯಲ್ಲೇ ಸಿಕ್ಕಿಬೀಳುತ್ತಾನೆ.