ಬ್ಯಾಟರಿಯ ಮೇಲೆ ಮೂಡಿದ ವಿಭೂತಿ

"ದಿನಾ ನಿಮ್ಮ ಪಾದ ತೊಳೆದು ತೀರ್ಥ ತಗೊಳ್ತೀನಿ ಬುದ್ಧೀ. ಆದರೂ ನನ್ನೊಳಗೆ ಯಾಕೆ ಬೆಳಕು ಹತ್ತುತ್ತಿಲ್ಲ?" ಎಂದು ಶಿಷ್ಯ ಮರಿಸಿದ್ಧ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಕಾರು ಕೊಂಡ. ಅದೆಂಥ ಕಾರು ಅಂತೀಯ! ಹಾರ್ನು ಒತ್ತಿದರೆ ಹೊಳೆಯಾಚೆಯ ಎಮ್ಮೆಗಳು ಕೆಚ್ಚಲಿಂದ ಹಾಲು ಸೊರ ಬಿಡುತ್ತಿದ್ದವು. ಆಯುಧಪೂಜೆಯ ದಿನ ಕುಂಕುಮ ಇಡಲೆಂದು ಬಾನೆಟ್ಟು ಎತ್ತಿದ. ಬ್ಯಾಟರಿಗೆ ವಯರು ಕೂರುವ ಜಾಗದಲ್ಲಿ ಬೆಳ್ಳನೆಯ ಹುಡಿ ಮೂಡಿತ್ತು.

"ವಿಭೂತಿ!" ಎಂದು ಅಡ್ಡಬಿದ್ದ.

ಅವನ ಹೆಂಡತಿ ಲಾರಿ ಡ್ರೈವರನ ಮಗಳು. ತುಂಬು ಬಸುರಿ. "ರೀ, ಅದು ಕಿಲುಬು ಕಣ್ರೀ. ಬಿಸಿನೀರು ಹುಯ್ದು ತಿಕ್ಕಿ, ಒರೆಸಿ, ಒಂಚೂರು ವ್ಯಾಸಲೀನು ಹಚ್ಚಿ" ಎಂದಳು.

"ಬಾಯಿ ತೊಳ್ಕೊಳ್ಳೇ" ಎಂದ ವ್ಯಾಪಾರಿ.

ಹುಡಿಯನ್ನು ಹಣೆಗೆ ಹಚ್ಚಿಕೊಂಡ. ಹಣೆ ಉರಿದು ಬೊಬ್ಬೆ ಎದ್ದಿತು. ಅದನ್ನೂ ಮಹಿಮೆ ಎಂದ. ಸೋಮವಾರ ಸೋಮವಾರ ಬಾನೆಟ್ಟು ಎತ್ತಿ ಊರಿಗೆಲ್ಲ ದರ್ಶನ ಕೊಡಿಸಿದ. ಹುಡಿ ಹೆಚ್ಚಿದಷ್ಟೂ ಕಾರು ಏಳುವುದು ತಡವಾಯಿತು. ಧ್ಯಾನಕ್ಕೆ ಇಳಿದಿದೆ ಎಂದು ಹಿಗ್ಗಿದ.

ಒಂದು ಮುಂಜಾನೆ ಹೆಂಡತಿಗೆ ನೋವು ಶುರುವಾಯಿತು. ಕೂಸು ಅಡ್ಡ ತಿರುಗಿದೆ, ಆಸ್ಪತ್ರೆಗೇ ಒಯ್ಯಬೇಕು ಎಂದಳು ಸೂಲಗಿತ್ತಿ. ವ್ಯಾಪಾರಿ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುಗಿಸಿದ. 'ಟಿಕ್' ಎಂದಿತು ಕಾರು. ಮತ್ತೆ ತಿರುಗಿಸಿದ. ಮತ್ತೆ 'ಟಿಕ್'. ಇಳಿದು ಬಾನೆಟ್ಟು ಎತ್ತಿ ಕರ್ಪೂರ ಹಚ್ಚಲು ಹೋದ.

"ಬಿಸಿನೀರು ತನ್ನಿರೇ!" ಎಂದು ಕಾರಿನೊಳಗಿಂದ ಹೆಂಡತಿ ಕೂಗಿಕೊಂಡಳು.

ಹೆರಿಗೆ ಇಲ್ಲೇ ಆಗುತ್ತದೆಂದು ಗಾಬರಿಯಾದ ಹೆಂಗಸರು ಹಂಡೆಯನ್ನೇ ಹೊತ್ತು ತಂದರು.

"ನನಗಲ್ಲ ಕಣ್ರೇ, ಆ ಬ್ಯಾಟರಿಗೆ!"

ವ್ಯಾಪಾರಿ ಹಂಡೆಯಿಂದ ಒಂದು ಚೊಂಬು ನೀರು ಮೊಗೆದ. ಎದುರಿಗೆ ಅವನ ದೇವರು. ಹಿಂದೆ ಹೆಂಡತಿಯ ನರಳಾಟ. ಕಣ್ಣು ಮುಚ್ಚಿಕೊಂಡು ನೀರು ಹುಯ್ದ. ಹುಡಿ ನೊರೆನೊರೆಯಾಗಿ ಹರಿದುಹೋಯಿತು. ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಒರೆಸಿ, ವಯರು ಬಿಗಿದು ಕೀಲಿ ತಿರುಗಿಸಿದ. ಕಾರು ಎಂಥ ಗರ್ಜನೆ ಮಾಡಿತೆಂದರೆ ಮಾಡಿನ ಹೆಂಚು ನಾಲ್ಕು ಜಾರಿ ಬಿದ್ದವು. ಆಸ್ಪತ್ರೆಯಲ್ಲಿ ತಾಯಿಯೂ ಉಳಿದಳು, ಕೂಸೂ ಉಳಿಯಿತು.

ಬಾಣಂತಿ ಮನೆಗೆ ಬರುವಷ್ಟರಲ್ಲಿ ವ್ಯಾಪಾರಿ ಆ ಚೊಂಬಿಗೆ ಮಂಟಪ ಕಟ್ಟಿಸಿ, ಹೂ ಏರಿಸಿ, ಯಾರೂ ಮುಟ್ಟಕೂಡದೆಂದು ಹಗ್ಗ ಕಟ್ಟಿದ್ದ. ಬ್ಯಾಟರಿಯ ಮೇಲೆ ಮತ್ತೆ ಬೆಳ್ಳಗೆ ಹುಡಿ ಕೂರತೊಡಗಿತ್ತು.

ಮರಿಸಿದ್ಧ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಕೈ ಮುಗಿದ. "ಎಂಥ ಕತೆ ಬುದ್ಧೀ! ಇನ್ನು ಮುಂದೆ ದಿನಾ ಬೆಳಗ್ಗೆ ಇದನ್ನೇ ಪಾರಾಯಣ ಮಾಡ್ತೀನಿ."

ಗುರುಗಳು ಅವನ ಜೋಡಿಸಿದ ಕೈಗಳನ್ನು ನೋಡಿದರು.

"ಮಾಡಪ್ಪ. ಮುಗಿದ ಕೈ ಬಿಡಿಸಿದ ಮೇಲೆ ಆ ಕೈಯಿಂದ ಏನು ಮಾಡ್ತೀ, ಅದನ್ನು ಹೇಳು."